ಒಂದು ವರ್ಷ ಹಳೆಯ ವಿಡಿಯೊ: ನನ್ನ ಅನುಭವ

ನನ್ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಈ ವಾರ ಬರುವ ವಿಡಿಯೊ ಕಳೆದ ವರ್ಷ ಇದೇ ಹೊತ್ತಿಗೆ ತೆಗೆದದ್ದು. ಈ ವಾರ ತೋಟದಲ್ಲಿ ತೆಗೆದದ್ದು ಮುಂದಿನ ವರ್ಷ ಬರುತ್ತದೆ. ವಿಧಾನ ಇಷ್ಟೇ. ಇದನ್ನು ಶುರು ಮಾಡಿದಾಗ ಶಿರಸಿ, ಸಿದ್ದಾಪುರ ಕಡೆಯ ನಮ್ಮ ವಿಡಿಯೊ ಬಳಗದಲ್ಲಿ ನಕ್ಕವರೇ ಹೆಚ್ಚು. ‘ಹಳಸಿದ ಅನ್ನ ಯಾರು ಉಣ್ಣುತ್ತಾರೆ?’ ಎಂದರು ಒಬ್ಬರು. ವಾರಕ್ಕೆ ಐದಾದರೂ ಹಾಕದಿದ್ದರೆ ಚಾನೆಲ್ ಸತ್ತಂತೆಯೇ ಎಂದರು ಇನ್ನೊಬ್ಬರು. ಆ ಇಬ್ಬರೂ ಈಗ ವರ್ಷವಿಡೀ ವಿಡಿಯೊ ಕೂಡಿಡಲು ಯಾವ ಹಾರ್ಡ್ ಡಿಸ್ಕ್ ಕೊಳ್ಳುವುದು ಒಳ್ಳೆಯದೆಂದು ನನಗೇ ಫೋನ್ ಮಾಡಿ ಕೇಳಿದ್ದಾರೆ. ಬಾಯಲ್ಲಿ ಹೇಳುವುದಕ್ಕಿಂತ ಬರೆದುಬಿಡುವುದು ಸುಲಭವೆನಿಸಿತು.

ನಾನು ಶಿರಸಿ ಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಊರಿನಲ್ಲಿ ಒಂದೂಕಾಲು ಎಕರೆ ಅಡಿಕೆ ತೋಟ, ಎರಡು ದನ. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಂತು ಊರಿನ ಹುಡುಗರೆಲ್ಲ ಯೂಟ್ಯೂಬಿನ ಕಡೆ ಹೊರಳಿದರಲ್ಲ, ಆ ಗುಂಪಿನಲ್ಲಿಯೇ ನಾನೂ ಬಂದೆ. ವಯಸ್ಸು ಮಾತ್ರ ಅವರಿಗಿಂತ ಹದಿನೈದು ವರ್ಷ ಹೆಚ್ಚು.

ಮೊದಲ ಮೂರು ವರ್ಷ ಎಲ್ಲರಂತೆಯೇ ಓಡಿದೆ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಕತ್ತಲಾಗುವ ಮೊದಲು ಏನಾದರೂ ತೆಗೆಯಬೇಕು, ಉಂಡ ಮೇಲೆ ಕತ್ತರಿಸಬೇಕು, ಕರೆಂಟ್ ಇದ್ದರೆ ರಾತ್ರಿಯೇ ಏರಿಸಬೇಕು. ಅಮ್ಮ ಒಂದೆಲಗದ ತಂಬುಳಿ ಕಡೆದು ಮುಗಿಸಿದ ಮೇಲೆ ‘ಇನ್ನೊಮ್ಮೆ ಕಡೆ, ಬೆಳಕು ಸರಿಯಿರಲಿಲ್ಲ’ ಎನ್ನುತ್ತಿದ್ದೆ. ಹೆಂಡತಿ ಬಡಿಸಿದ ತಟ್ಟೆ ತಣ್ಣಗಾಗುವವರೆಗೆ ಯಾರೂ ಕೈ ಹಾಕುವಂತಿರಲಿಲ್ಲ. ಅಡಿಕೆ ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡ ಮರದಿಂದ ಇಳಿದಾಗ ಮತ್ತೆ ಹತ್ತು ಎಂದರೆ ಆತ, ‘ಮರ ಹತ್ತುವುದಕ್ಕೆ ಒಂದು ಕೂಲಿ, ನಾಟಕಕ್ಕೆ ಬೇರೆ ಕೂಲಿ’ ಎಂದು ಕವಳ ಹಾಕಿ ಕುಳಿತ. ಕೊಟ್ಟೆ. ಆ ವಿಡಿಯೊದಿಂದ ಬಂದದ್ದು ಅವನ ಕೂಲಿಯ ಅರ್ಧವೂ ಇಲ್ಲ.

ಜಾಹೀರಾತಿನ ದುಡ್ಡು ಕೊಡಲು ಯೂಟ್ಯೂಬ್ ಕೇಳುವ ಸಾವಿರ ಚಂದಾದಾರರು, ನಾಲ್ಕು ಸಾವಿರ ಗಂಟೆಯ ವೀಕ್ಷಣೆ ದಾಟಲು ನನಗೆ ಒಂದೂವರೆ ವರ್ಷವಾದರೂ ಹಿಡಿಯಿತು. ಹತ್ತು ಡಾಲರ್ ಆದಾಗ ವಿಳಾಸ ಖಚಿತಪಡಿಸಲು ಬರುವ ಪಿನ್ ಕಾಗದ, ದುಡ್ಡು ಕೈಗೆ ಬರಲು ತುಂಬಬೇಕಾದ ನೂರು ಡಾಲರಿನ ಗಡಿ, ತಿಂಗಳ 21ರ ನಂತರ ಬ್ಯಾಂಕಿನ ಸಂದೇಶಕ್ಕೆ ಕಾಯುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ಶಾರ್ಟ್ಸ್ ಎಂಬ ಚಿಕ್ಕ ವಿಡಿಯೊಗಳ ಕಥೆ ಇನ್ನೂ ಕೆಟ್ಟದ್ದು. ಮಂಗಗಳು ಎಳೆ ಅಡಿಕೆ ಕಿತ್ತು ಎಸೆಯುವ ನಲವತ್ತು ಸೆಕೆಂಡಿನ ತುಣುಕೊಂದನ್ನು ಏಳೆಂಟು ಲಕ್ಷ ಜನ ನೋಡಿದರು. ಬಂದ ದುಡ್ಡು ಒಂದೂವರೆ ಸಾವಿರ ರೂಪಾಯಿಯೂ ಆಗಲಿಲ್ಲ. ಮಂಗಗಳು ಹಾಳು ಮಾಡಿದ ಅಡಿಕೆಯ ಬೆಲೆ ಅದಕ್ಕಿಂತ ಹೆಚ್ಚು.

ದಾರಿ ತಿರುಗಿದ್ದು ಬೆಳೆಗೆ ಹೊಡೆಯುವ ಔಷಧಿಯ ಒಂದು ಕಂಪನಿಯವರಿಂದ. ಹೆಸರು ಬೇಡ. ಮೇ ತಿಂಗಳಲ್ಲಿ ಫೋನ್ ಮಾಡಿ, ತಮ್ಮ ಹೊಸ ಔಷಧಿ ಇದ್ದರೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಬೇಡವೆಂದು ಹೇಳಿದರೆ ಇಪ್ಪತ್ತೈದು ಸಾವಿರ ಕೊಡುತ್ತೇವೆ ಎಂದರು. ಆಗ ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚಿನ ಮೊತ್ತ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ತೋರಿಸಿಕೊಟ್ಟು ನೂರು ವರ್ಷ ಮೀರಿತು. ಅದನ್ನು ಬೇಡವೆನ್ನಲು ಒಂದು ಮಳೆಗಾಲವಾದರೂ ನೋಡಬೇಡವೇ? ‘ಹೊಡೆಯುವುದನ್ನು ಈಗ ತೆಗೆಯುತ್ತೇನೆ, ಅಡಿಕೆ ಗೊನೆ ಉಳಿಯಿತೋ ಉದುರಿತೋ ಸೆಪ್ಟೆಂಬರಿನಲ್ಲಿ ನೋಡಿ ಹೇಳುತ್ತೇನೆ’ ಎಂದೆ. ಸೆಪ್ಟೆಂಬರಿನಲ್ಲಿ ಔಷಧಿ ಯಾರು ಕೊಳ್ಳುತ್ತಾರೆ ಎಂದು ಅವರು ಫೋನ್ ಇಟ್ಟರು. ಅವರ ಮಟ್ಟಿಗೆ ಸರಿಯಾದ ಮಾತು. ಆದರೆ ನನಗೆ ಆಗಲೇ ಹೊಳೆದದ್ದು: ಸೆಪ್ಟೆಂಬರಿನಲ್ಲಿ ಹೇಳಿದ್ದನ್ನು ಮುಂದಿನ ಮೇ ತಿಂಗಳಲ್ಲಿ ಹಾಕಿದರೆ ಕೊಳ್ಳುವವನಿಗೂ ಉಪಯೋಗ, ನನಗೂ ಸುಳ್ಳು ಹೇಳುವ ಪ್ರಮೇಯವಿಲ್ಲ.

2023ರ ಮಳೆಗಾಲದಲ್ಲಿ ಬೋರ್ಡೋ ಹೊಡೆತವನ್ನು ಮೊದಲಿನಿಂದ ಕೊನೆಯವರೆಗೆ ತೆಗೆದೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಕತ್ತಿ ಅದ್ದಿ ಕೆಂಪಾಗುತ್ತದೋ ನೋಡುವುದು. ಮಳೆ ಹಿಡಿಯುವ ಮೊದಲು ಒಂದು ಸುತ್ತು, ನಲವತ್ತು ನಲವತ್ತೈದು ದಿನಕ್ಕೆ ಮಳೆ ಬಿಟ್ಟು ಹೊಳವು ಸಿಕ್ಕಾಗ ಇನ್ನೊಂದು. ಇದು ಎಲ್ಲರ ಚಾನೆಲ್ಲಿನಲ್ಲಿಯೂ ಇದೆ. ಆಗಸ್ಟಿನಲ್ಲಿ ಕೆಳಗಿನ ಸಾಲುಗಳಲ್ಲಿ ಬಿಳಿ ಬೂಸ್ಟು ಬಂದು ಕಾಯಿ ಉದುರಿತು, ಮೇಲಿನ ಸಾಲುಗಳು ಉಳಿದವು. ಎರಡನ್ನೂ ತೆಗೆದೆ. ಉದುರಿದ ಕಾಯಿಯನ್ನು ಬುಟ್ಟಿಗೆ ತುಂಬಿ ತೂಗಿದ್ದನ್ನೂ ತೆಗೆದೆ. ಇವೆಲ್ಲ ಸೇರಿಸಿ ಇಪ್ಪತ್ತು ನಿಮಿಷದ ವಿಡಿಯೊ ಮಾಡಿ 2024ರ ಮೇ ತಿಂಗಳಲ್ಲಿ, ಜನ ಮೈಲುತುತ್ತ ಕೊಳ್ಳಲು ಹೊರಡುವ ಹೊತ್ತಿಗೆ ಹಾಕಿದೆ. ಎರಡನೆಯ ಸುತ್ತು ಯಾಕೆ ತಡವಾಯಿತು, ಆ ತಡಕ್ಕೆ ಎಷ್ಟು ಕಾಯಿ ಹೋಯಿತು ಎಂದು ತೋರಿಸುವ ವಿಡಿಯೊ ಜನ ಎಲ್ಲೂ ನೋಡಿರಲಿಲ್ಲ ಎಂದು ಕಾಣುತ್ತದೆ. ಮೊದಲ ತಿಂಗಳಲ್ಲಿಯೇ ಲಕ್ಷ ದಾಟಿತು. ಈಗಲೂ ಪ್ರತಿ ಮೇ ತಿಂಗಳಲ್ಲಿ ತಾನಾಗಿಯೇ ಏಳುತ್ತದೆ. ನಿಖರವಾಗಿ ಯಾವ ವಾರ ಹಾಕಬೇಕೆಂದು ಲೆಕ್ಕ ಹಾಕುವ ಒಂದು ಉಪಾಯ ಇದೆ. ಅದು ನನ್ನ ಬಳಿಯೇ ಇರಲಿ. ಶೀರ್ಷಿಕೆಯ ಮೊದಲ ಎರಡು ಪದ ಹೇಗೆ ಆರಿಸುತ್ತೇನೆ ಎಂಬುದೂ ಅಷ್ಟೇ.

ಮನೆಯಲ್ಲಿ ಆದ ಬದಲಾವಣೆ ನಾನು ಎಣಿಸಿರಲಿಲ್ಲ. ಇವತ್ತೇ ಹಾಕಬೇಕೆಂಬ ಅವಸರ ಹೋದ ಕೂಡಲೇ ಯಾರನ್ನೂ ‘ಇನ್ನೊಮ್ಮೆ ಮಾಡು’ ಎನ್ನುವ ಅಗತ್ಯವೂ ಹೋಯಿತು. ಈ ವರ್ಷ ಸರಿಯಾಗಿ ಸಿಗದಿದ್ದರೆ ಬರುವ ವರ್ಷ ಅದೇ ಕೆಲಸ ಮತ್ತೆ ಇದ್ದೇ ಇದೆ. ಕ್ಯಾಮೆರಾ ಒಂದು ಕಡೆ ನಿಲ್ಲಿಸಿ ನಾನೂ ಕೆಲಸಕ್ಕೆ ಇಳಿಯುತ್ತೇನೆ. ತಪ್ಪಿಹೋದದ್ದು ಹೋಯಿತು. ಹೆಂಡತಿ ಒಂದೇ ಷರತ್ತು ಹಾಕಿದ್ದಾಳೆ, ದೀಪ ಹಚ್ಚಿದ ಮೇಲೆ ಅಡುಗೆಮನೆಗೆ ಕ್ಯಾಮೆರಾ ಬರಕೂಡದು. ಕತ್ತರಿಸುವ ಕೆಲಸ ಭಾನುವಾರ ಬೆಳಿಗ್ಗೆ ಮಾತ್ರ. ಮಳೆಗಾಲದಲ್ಲಿ ಸ್ವಲ್ಪ ಹೆಚ್ಚು, ಆಗ ಹೊರಗೆ ಹೋಗುವುದಾದರೂ ಎಲ್ಲಿಗೆ?

ಚೌಕಟ್ಟಿನಲ್ಲಿ ಬಂದ ಪ್ರತಿಯೊಬ್ಬರಿಗೂ ಹಾಕುವ ಮೊದಲು ಒಮ್ಮೆ ತೋರಿಸುತ್ತೇನೆ. ತೆಗೆದ ದಿನವೇ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ವರ್ಷ ಕಳೆದ ಮೇಲೆ ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಮಗಳಿಗೆ ಈಗ ಹನ್ನೆರಡು. ಹತ್ತರಲ್ಲಿ ಕುಣಿಕುಣಿದು ಕ್ಯಾಮೆರಾದ ಮುಂದೆ ಹಲಸಿನ ಹಪ್ಪಳ ಲಟ್ಟಿಸಿದವಳು ಹನ್ನೊಂದರಲ್ಲಿ ನೋಡಿ, ‘ಇದು ಬೇಡವೇ ಬೇಡ, ಶಾಲೆಯಲ್ಲಿ ಹಪ್ಪಳ ಎಂದು ಕರೆಯುತ್ತಾರೆ’ ಎಂದಳು. ತೆಗೆದುಹಾಕಿದೆ. ಹದಿನೈದು ನಿಮಿಷದ್ದು ಒಂಬತ್ತು ನಿಮಿಷವಾಯಿತು, ಕೈಗಳು ಮಾತ್ರ ಉಳಿದವು. ಮಕ್ಕಳು ಹೆಚ್ಚು ಕಾಣುವ ವಿಡಿಯೊಗಳಿಗೆ ಕಾಮೆಂಟ್ ಮುಚ್ಚುವ ನಿಯಮ 2019ರಿಂದಲೇ ಇದೆ, ಹಾಗಾಗಿ ವ್ಯವಹಾರದ ದೃಷ್ಟಿಯಿಂದಲೂ ನಷ್ಟವೇನಿಲ್ಲ. ಮಕ್ಕಳ ಮುಖವಿಲ್ಲದೆ ಕುಟುಂಬದ ಚಾನೆಲ್ ನಡೆಯುವುದಿಲ್ಲ ಎನ್ನುವವರು ನನ್ನ ಲೆಕ್ಕದ ಪುಸ್ತಕ ಬಂದು ನೋಡಬಹುದು.

ಅಮ್ಮನ ವಿಷಯದಲ್ಲಿ ಆದದ್ದು ಬೇರೆ. ಕಳೆದ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿಯ ವಿಡಿಯೊ ತೋರಿಸಿದರೆ ಸುಮ್ಮನೆ ನೋಡುವವಳಲ್ಲ. ‘ಆ ಸಲ ಮಿಡಿ ಸ್ವಲ್ಪ ಬಲಿತಿತ್ತು, ಉಪ್ಪು ಇನ್ನೊಂದು ಹಿಡಿ ಬೇಕಿತ್ತು, ಆಷಾಢದಲ್ಲಿ ಮೇಲಿನ ಪದರ ಮೆತ್ತಗಾಯಿತು ನೋಡು’ ಎಂದು ಹೇಳುತ್ತಲೇ ಇರುತ್ತಾಳೆ. ಒಂದು ಸಲ ಅದನ್ನೇ ಮೊಬೈಲಿನಲ್ಲಿ ದಾಖಲಿಸಿ ಚಿತ್ರದ ಮೇಲೆ ಕೂರಿಸಿದೆ. ಈಗ ಎಲ್ಲ ಅಡುಗೆ ವಿಡಿಯೊಗಳಿಗೂ ಅದೇ ಧ್ವನಿ. ನಾನು ಬರೆದು ಓದುತ್ತಿದ್ದ ವಿವರಣೆಗಿಂತ ಹತ್ತು ಪಾಲು ಚೆನ್ನಾಗಿದೆ, ಖರ್ಚು ಒಂದು ಲೋಟ ಕಷಾಯ.

ದುಡ್ಡಿನ ವಿಷಯಕ್ಕೆ ಬರೋಣ. ಕನ್ನಡದಲ್ಲಿ ತೋಟದ ದೀರ್ಘ ವಿಡಿಯೊಗೆ ಸಾವಿರ ವೀಕ್ಷಣೆಗೆ ನನಗೆ ಬೀಳುವುದು ಸುಮಾರು ಐವತ್ತು ರೂಪಾಯಿ, ಕೆಲವೊಮ್ಮೆ ಎಪ್ಪತ್ತು. ಮೇ, ಜೂನ್ ತಿಂಗಳಲ್ಲಿ ಇಪ್ಪತ್ತು ಸಾವಿರದ ಹತ್ತಿರ ಹೋಗುತ್ತದೆ, ಕೊಯ್ಲಿನ ಕಾಲದಲ್ಲಿ ಹನ್ನೆರಡು ಹದಿಮೂರು, ಉಳಿದಂತೆ ಐದಾರು ಸಾವಿರ. ತಿಂಗಳಿಗೆ ಎರಡು, ಹೆಚ್ಚೆಂದರೆ ಮೂರು ವಿಡಿಯೊ ಹಾಕುವವನಿಗೆ ಇದು ಕಡಿಮೆಯಲ್ಲ. ವಾರಕ್ಕೆ ಐದು ಹಾಕುತ್ತಿದ್ದಾಗ ವರ್ಷದ ಒಟ್ಟು ಇದರ ಮೂರನೆಯ ಒಂದು ಪಾಲು ಇತ್ತು. ಅಂಗಡಿ ಕೆಲಸ ಬಿಡಲಿಲ್ಲ, ಬಿಡುವ ಯೋಚನೆಯೂ ಇಲ್ಲ. ಸಂಬಳ ಬರುತ್ತಿರುವುದರಿಂದಲೇ ಔಷಧಿ ಕಂಪನಿಯವರಿಗೆ ಸೆಪ್ಟೆಂಬರ್ ಎನ್ನುವ ಧೈರ್ಯ ಬಂದದ್ದು. ಕೊನೆಗೌಡನಿಗೆ ಅವನು ಕಾಣುವ ಪ್ರತಿ ವಿಡಿಯೊಗೆ ಒಂದು ದಿನದ ಕೂಲಿ ಕೊಡುತ್ತೇನೆ. ಮುಖ ತೋರಿಸಬಾರದು ಎಂದಿದ್ದಾನೆ, ಬೆನ್ನು ಮಾತ್ರ. ಆ ಬೆನ್ನಿಗೆ ನನಗಿಂತ ಹೆಚ್ಚು ಅಭಿಮಾನಿಗಳಿದ್ದಾರೆ.

ಉಚಿತ ಸಾಮಾನಿನ ಬಗ್ಗೆ ಒಂದು ಮಾತು. ಒಮ್ಮೆ ಮೂವತ್ತು ಸಾವಿರದ ಆಸುಪಾಸಿನ ಸ್ಪ್ರೇಯರ್ ಕಳಿಸಿದ್ದರು. ಲೆಕ್ಕ ಬರೆಯುವವನಾದ್ದರಿಂದ ನನಗೆ ಮೊದಲು ನೆನಪಾದದ್ದು ಆದಾಯ ತೆರಿಗೆ ಕಾಯ್ದೆಯ ಆಗಿನ 194ಆರ್ ಕಲಮು. 2022ರ ಜುಲೈಯಿಂದ ವರ್ಷಕ್ಕೆ ಇಪ್ಪತ್ತು ಸಾವಿರ ಮೀರಿದ ಇಂಥ ಲಾಭಕ್ಕೆ ಶೇಕಡಾ 10 ಮೂಲದಲ್ಲಿಯೇ ಕಡಿತ. ಇಟ್ಟುಕೊಂಡರೆ ಲೆಕ್ಕಕ್ಕೆ ಬರುತ್ತದೆ, ಬಳಸಿ ಹಿಂದಿರುಗಿಸಿದರೆ ಇಲ್ಲ. ಒಂದು ಮಳೆಗಾಲ ಬಳಸಿ ತೊಳೆದು ಹಿಂದಿರುಗಿಸಿದೆ. ಅದರ ನಳಿಗೆ ಎರಡನೆಯ ಸುತ್ತಿನಲ್ಲಿಯೇ ಕಟ್ಟಿಕೊಂಡದ್ದನ್ನು ಮುಂದಿನ ವರ್ಷ ತೋರಿಸಿದೆ. ಅವರು ಮತ್ತೆ ಏನನ್ನೂ ಕಳಿಸಿಲ್ಲ.

ಸಾಮಗ್ರಿಯಲ್ಲಿ ದೊಡ್ಡ ಖರ್ಚೆಂದರೆ ಡಿಸ್ಕ್. ಎರಡು ಬೇಕು, ಒಂದೊಂದು ಐದು ಸಾವಿರದ ಸುಮಾರಿಗೆ ಬಂತು. ಒಂದು ಮನೆಯಲ್ಲಿ, ಇನ್ನೊಂದು ಪೇಟೆಯ ಅಂಗಡಿಯ ನನ್ನ ಮೇಜಿನಲ್ಲಿ. ಶುರುವಿನಲ್ಲಿ ಒಂದೇ ಇತ್ತು. ಜುಲೈಯ ತೇವಕ್ಕೆ ಅದು ಕಿರುಗುಟ್ಟಿ ನಿಂತಾಗ ಆ ವರ್ಷದ ಆಲೆಮನೆ, ಕಬ್ಬಿನ ಹಾಲಿನ ತೊಡದೇವು ಎಲ್ಲ ಹೋದವು. ಇನ್ನೊಂದು ಆಲೆಮನೆ ಸೀಸನ್ ಕಾಯಬೇಕಾಯಿತು. ಲೆನ್ಸಿಗೆ ಬೂಸ್ಟು ಹಿಡಿಯುವುದು ನಮ್ಮ ಕಡೆಯ ಎಲ್ಲರ ಗೋಳು. ಅಕ್ಕಿ ಡಬ್ಬ ಪ್ರಯತ್ನಿಸಿದೆ, ಪುಡಿ ಒಳಗೆ ಹೋಯಿತು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟೆ, ಬೂಸ್ಟು ಬರಲಿಲ್ಲ, ಹೊಗೆ ಬಂತು. ಈಗ ಗಟ್ಟಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ತಿರುಗಿದ ಪೊಟ್ಟಣವನ್ನು ಮಾತ್ರ ಅಟ್ಟಕ್ಕೆ ಕಳಿಸಿ ಒಣಗಿಸುತ್ತೇನೆ. ಮಳೆಯಲ್ಲಿ ಮೊಬೈಲಿಗೆ ಅಡಿಕೆ ಹಾಳೆಯ ಟೊಪ್ಪಿ ಹೊಲಿದದ್ದು ನನ್ನ ಹೆಮ್ಮೆಯ ಶೋಧ. ಹನಿ ಬಿದ್ದ ಸದ್ದು ಪ್ಲಾಸ್ಟಿಕ್‌ನಲ್ಲಿ ಪಟಪಟ ಎನ್ನುತ್ತದೆ, ಹಾಳೆಯಲ್ಲಿ ಅಷ್ಟು ಕೇಳುವುದಿಲ್ಲ. ಉದ್ದ ಕೋಲಾದ ದೋಟಿಯ ತುದಿಗೆ ಮೊಬೈಲ್ ಕಟ್ಟಿ ಅಡಿಕೆ ಗೊನೆಯ ಮಟ್ಟದಿಂದ ತೆಗೆಯುವ ಪ್ರಯೋಗವನ್ನೂ ಮಾಡಿದ್ದೆ. ಮೊಬೈಲ್ ದೋಟಿಗಿಂತ ಮೊದಲು ಕೆಳಗೆ ಬಂತು.

2024ರ ಶಿರಸಿ ಮಾರಿಕಾಂಬಾ ಜಾತ್ರೆಯ ವಿಡಿಯೊ ಎರಡು ವರ್ಷ ಡಿಸ್ಕಿನಲ್ಲಿ ಕುಳಿತಿತ್ತು, ಏಕೆಂದರೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ತೇರಿನ ಚಿತ್ರ ಎಲ್ಲರಲ್ಲಿಯೂ ಇರುತ್ತದೆ. ನಾನು ತೆಗೆದದ್ದು ವಾಹನ ಎಲ್ಲಿ ನಿಲ್ಲಿಸಿದೆವು, ಮುದುಕರನ್ನು ಯಾವ ಹೊತ್ತಿಗೆ ಕರೆದೊಯ್ದರೆ ನೂಕುನುಗ್ಗಲು ಕಡಿಮೆ, ಮಕ್ಕಳು ಎಲ್ಲಿ ಹಟ ಮಾಡಿದರು ಎಂಬುದನ್ನು. 2026ರ ಜಾತ್ರೆಗೆ ಮುಂಚೆ ಹಾಕಿದಾಗ ಬಳಗದವರು ಮೊದಲ ಬಾರಿಗೆ ನಗಲಿಲ್ಲ.

ಅದೇ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ‘ಇಷ್ಟು ಹತ್ತಿರ ಇದ್ದೂ ಹೋಗಲಿಲ್ಲವೇ’ ಎಂದು ಕೇಳಿದವರಿದ್ದಾರೆ. ಗಂಗಾವಳಿ ನದಿಯಲ್ಲಿ ಜನರನ್ನು ಹುಡುಕುತ್ತಿದ್ದಾಗ ದಡದಲ್ಲಿ ನಿಂತು ಚಂದಾದಾರರಾಗಿ ಎಂದು ಕೂಗುವುದು ನನ್ನಿಂದ ಆಗದ ಕೆಲಸ. ಪತ್ರಕರ್ತರ ಕೆಲಸ ಬೇರೆ, ಅವರು ಮಾಡಲಿ.

ಈ ವಿಧಾನ ಎಲ್ಲರಿಗೂ ಹೊಂದುವುದಿಲ್ಲ. ಅಡಿಕೆ ಧಾರಣೆ ಹೇಳುವವರು, ಹವಾಮಾನ ಹೇಳುವವರು ದಿನಾ ಬರಲೇಬೇಕು. ಹೋಟೆಲ್ ತಿಂಡಿ ತೋರಿಸುವವರಿಗೂ ಕಷ್ಟ, ವರ್ಷದಲ್ಲಿ ಹೋಟೆಲೇ ಮುಚ್ಚಿರಬಹುದು. ನಡುವೆ ಪ್ರಾಣಿಯೋ ಮನುಷ್ಯರೋ ಹೋಗಿಬಿಟ್ಟಿದ್ದರೆ ಏನು ಮಾಡುವುದು ಎಂಬುದಕ್ಕೆ ನನ್ನಲ್ಲಿ ನಿಯಮವಿಲ್ಲ. ನಮ್ಮ ಹಳೆಯ ದನದ ವಿಡಿಯೊ ಇನ್ನೂ ಡಿಸ್ಕಿನಲ್ಲಿಯೇ ಇದೆ, ಅಮ್ಮ ಬೇಡವೆಂದಿದ್ದಾಳೆ.

ಶುರು ಮಾಡುವವರಿಗೆ ಕಷ್ಟವೆಂದರೆ ಮೊದಲ ವರ್ಷ. ತೆಗೆಯುತ್ತಲೇ ಇರಬೇಕು, ಹಾಕಲು ಏನೂ ಇರುವುದಿಲ್ಲ. ನಾನು ಹಳೆಯ ವಿಡಿಯೊಗಳಲ್ಲಿ ಚೆನ್ನಾಗಿದ್ದ ಹತ್ತಿಪ್ಪತ್ತನ್ನು ಆರಿಸಿ, ಅವು ತೆಗೆದ ಜಾಗಕ್ಕೇ ಹೋಗಿ ಈಗ ಹೇಗಿದೆ ಎಂದು ಹತ್ತು ನಿಮಿಷ ತೆಗೆದು ಹಳೆಯದರ ಹಿಂದೆ ಜೋಡಿಸಿ ಹಾಕಿದೆ. ಆ ವರ್ಷ ಆದಾಯ ತಿಂಗಳಿಗೆ ಎರಡು ಸಾವಿರಕ್ಕೆ ಇಳಿಯಿತು, ನೂರು ಡಾಲರ್ ತುಂಬಲು ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ಮನೆಯಲ್ಲಿ ಮೊದಲೇ ಹೇಳಿಟ್ಟಿದ್ದರಿಂದ ಯಾರೂ ಏನೂ ಅನ್ನಲಿಲ್ಲ. ನೀವೂ ಹೇಳಿಟ್ಟುಕೊಳ್ಳಿ. ಡಿಸ್ಕ್ ಮಾತ್ರ ಎರಡು ಕೊಳ್ಳಿ.