ನೋವಿಲ್ಲದಾಗಲೇ ಹೋಗಿ: ಕ್ಯಾನ್ಸರ್ ತಪಾಸಣೆಗೆ ಸಿದ್ಧರಾಗುವುದು ಹೇಗೆ?

‘ನಂಗೇನಾಗಿದೆ? ಆರಾಮಾಗಿದ್ದೀನಲ್ಲ!’ ತಪಾಸಣೆಯ ಮಾತೆತ್ತಿದರೆ ತುಂಬಾ ಹೆಂಗಸರು ಹೇಳುವುದು ಇದನ್ನೇ. ಈ ತಪಾಸಣೆ ಇರುವುದೇ ಆರಾಮಾಗಿರುವವರಿಗೆ. ಸ್ತನದಲ್ಲಿ ಗಂಟು ಸಿಕ್ಕಿದರೆ, ಮುಟ್ಟು ನಿಂತ ಮೇಲೂ ರಕ್ತ ಹೋದರೆ ತಪಾಸಣೆಯ ವರ್ಷ ಬರಲಿ ಎಂದು ಕಾಯಬೇಡಿ. ಕೂಡಲೇ ಡಾಕ್ಟರಿಗೆ ತೋರಿಸಿ.

ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರನ್ನೇ ನೋಡಿ. ಹೆಚ್ಚುಕಡಿಮೆ ಎಲ್ಲಕ್ಕೂ ಎಚ್‌ಪಿವಿ ಎಂಬ ವೈರಸ್ ಕಾರಣ. ಅದು ಬಹಳ ಜನರಿಗೆ ತಗಲುತ್ತದೆ, ಬಹುತೇಕರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು ಜೀವಕೋಶಗಳನ್ನು ಕೆಡಿಸುತ್ತದೆ. ಅವು ಕ್ಯಾನ್ಸರ್ ಆಗಿ ಬೆಳೆಯಲು ಸಾಮಾನ್ಯವಾಗಿ 10 ವರ್ಷಕ್ಕೂ ಜಾಸ್ತಿ ಬೇಕು. ಅಷ್ಟೂ ಕಾಲ ನೋವಿಲ್ಲ, ಸುಳಿವಿಲ್ಲ. ಆಗಲೇ ಕಂಡುಹಿಡಿದರೆ ಕೆಟ್ಟ ಭಾಗವನ್ನಷ್ಟೇ ತೆಗೆದು ಕ್ಯಾನ್ಸರ್ ಬರುವುದನ್ನೇ ತಡೆಯಬಹುದು. ಇಷ್ಟು ದೊಡ್ಡ ಅವಕಾಶವನ್ನು ಸುಮ್ನೆ ಕಳೆದುಕೊಳ್ಳುವುದು ನನಗಂತೂ ಸಂಕಟದ ವಿಷಯ.

ಮೊದಲು, ಮನೆಯಲ್ಲೇ ಒಂದು ಚೀಟಿ ಬರೆಯಿರಿ. ನಿಮ್ಮ ವಯಸ್ಸು, ಹಿಂದಿನ ಟೆಸ್ಟ್ ಯಾವಾಗ ಆಗಿತ್ತು, ಕುಟುಂಬದಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಎಂಬುದೆಲ್ಲ ಅದರಲ್ಲಿರಲಿ. ಅಮ್ಮನ ಕಡೆಯವರನ್ನು ನೆನಪಿಸಿಕೊಂಡು ಅಪ್ಪನ ಕಡೆಯ ಅತ್ತೆ, ಅಜ್ಜಿಯನ್ನು ಮರೆತುಬಿಡುತ್ತೇವೆ, ಅಲ್ವಾ? ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಅಪ್ಪನಿಂದಲೂ ಬರಬಹುದು. ಅಂಥ ಹಿನ್ನೆಲೆ ಇದ್ದರೆ ತಪಾಸಣೆ ಬೇಗ ಶುರುವಾಗಬೇಕಾಗುತ್ತದೆ.

ಆಮೇಲೆ, ಯಾವ ಟೆಸ್ಟ್ ಎಂದು ಡಾಕ್ಟರನ್ನು ಕೇಳಿ. ಗರ್ಭಕಂಠಕ್ಕೆ 30ನೇ ವಯಸ್ಸಿನಿಂದ ಶುರುಮಾಡಿ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಟೆಸ್ಟ್ ಮಾಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸೌಲಭ್ಯ ಇಲ್ಲದ ಕಡೆ 3 ವರ್ಷಕ್ಕೊಮ್ಮೆ ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕಂಠದ ಜೀವಕೋಶಗಳನ್ನು ತೆಗೆದು ನೋಡುವ ಟೆಸ್ಟ್. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ಇದು ತಪ್ಪುವುದಿಲ್ಲ, ಏಕೆಂದರೆ ಲಸಿಕೆ ಎಲ್ಲ ಬಗೆಯ ಎಚ್‌ಪಿವಿಯನ್ನೂ ತಡೆಯುವುದಿಲ್ಲ. ಸ್ತನಕ್ಕೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ. ಇದನ್ನು ಕೆಲವು ದೇಶಗಳಲ್ಲಿ 40ಕ್ಕೆ, ಕೆಲವು ಕಡೆ 50ಕ್ಕೆ ಶುರು ಮಾಡುತ್ತಾರೆ. ದೊಡ್ಡ ಕರುಳಿನ ತಪಾಸಣೆಯ ಬಗ್ಗೆಯೂ ಆಗಲೇ ಕೇಳಿಬಿಡಿ. ಪ್ಯಾಪ್ ಸರಿಯಿದ್ದರೆ ಅಂಡಾಶಯವೂ ಸರಿಯಿದೆ ಎಂದುಕೊಳ್ಳಬೇಡಿ, ಅದು ತೋರಿಸುವುದು ಗರ್ಭಕಂಠವನ್ನು ಮಾತ್ರ.

ದಿನ ನೋಡಿಕೊಳ್ಳಿ. ಪ್ಯಾಪ್ ಟೆಸ್ಟ್‌ಗೆ ಮುಟ್ಟಿನ ದಿನಗಳು ಬೇಡ. ಹಿಂದಿನ ಎರಡು ದಿನ ಯೋನಿಯೊಳಗೆ ಕ್ರೀಮ್, ಔಷಧಿ ಬೇಡ, ಲೈಂಗಿಕ ಸಂಪರ್ಕವೂ ಬೇಡ. ಮ್ಯಾಮೊಗ್ರಾಮ್‌ಗೆ ಮುಟ್ಟು ಮುಗಿದ ನಂತರದ ವಾರ ಒಳ್ಳೆಯದು, ಸ್ತನ ಅಷ್ಟು ನೋಯುವುದಿಲ್ಲ. ಅವತ್ತು ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಚ್ಚಬೇಡಿ. ಅದರ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಕಂಡು ಗೊಂದಲ ಮಾಡುತ್ತವೆ.

ಒಳಗೆ ಏನಾಗುತ್ತದೆ? ಭಯ ಇರುವುದೇ ಇಲ್ಲಿ. ಪ್ಯಾಪ್ ಟೆಸ್ಟ್‌ನಲ್ಲಿ ಮಂಡಿ ಮಡಚಿ ಮಲಗಬೇಕು. ಸ್ಪೆಕ್ಯುಲಮ್ ಎಂಬ ಸಾಧನ ಒಳಗೆ ಹೋಗುವಾಗ ತಣ್ಣಗೆ, ಒತ್ತಿದಂತೆ ಅನಿಸುತ್ತದೆ. ಪುಟ್ಟ ಬ್ರಷ್ ಒಂದು ಸುತ್ತು ತಿರುಗುತ್ತದೆ, ಮುಗಿಯಿತು. ನಾನು ಮೊದಲ ಸಲ ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಉಸಿರು ಬಿಗಿಹಿಡಿದಿದ್ದೆ. ‘ಉಸಿರು ಬಿಡಮ್ಮಾ’ ಎಂದರು ನರ್ಸ್. ನಿಧಾನವಾಗಿ ಉಸಿರು ಬಿಟ್ಟಾಗ ಸ್ನಾಯು ಸಡಿಲವಾಗಿ ಅರ್ಧ ನೋವು ಅಲ್ಲೇ ಇಳಿಯಿತು. ನೋವಾದರೆ ‘ನಿಲ್ಲಿಸಿ’ ಎನ್ನಿ. ಹೆಣ್ಣು ಡಾಕ್ಟರೇ ಬೇಕೆಂದು ಮೊದಲೇ ಕೇಳಿ, ಅದರಲ್ಲಿ ಸಂಕೋಚ ಏನಿಲ್ಲ. ಎಚ್‌ಪಿವಿ ಟೆಸ್ಟ್‌ಗೆ ನೀವೇ ಸ್ಯಾಂಪಲ್ ತೆಗೆದುಕೊಡುವ ವ್ಯವಸ್ಥೆಯೂ ಕೆಲವೆಡೆ ಇದೆ. ಮ್ಯಾಮೊಗ್ರಾಮ್‌ನಲ್ಲಿ ಎರಡು ತಟ್ಟೆಗಳ ನಡುವೆ ಸ್ತನವನ್ನು ಕೆಲವು ಸೆಕೆಂಡು ಒತ್ತುತ್ತಾರೆ. ಬಿಗಿಯಾಗುತ್ತದೆ, ನಿಜ. ಹಾಗೆ ಒತ್ತಿದಾಗಲೇ ಚಿತ್ರ ಸ್ಪಷ್ಟವಾಗುವುದು.

ಕೊನೆಯದಾಗಿ, ರಿಪೋರ್ಟ್ ಕೈಗೆ ಬರಲಿ. ‘ಫೋನ್ ಬರಲಿಲ್ಲ, ಎಲ್ಲ ಸರಿ ಇರಬೇಕು’ ಎಂದುಕೊಳ್ಳಬೇಡಿ, ನೀವೇ ಕೇಳಿ. ಮತ್ತೆ ಕರೆದರೆ ಗಾಬರಿ ಬೇಡ. ಮ್ಯಾಮೊಗ್ರಾಮ್ ನಂತರ ಮತ್ತೆ ಕರೆಸಿಕೊಂಡವರಲ್ಲಿ ಬಹುಪಾಲು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಹೋಗದೆ ಮಾತ್ರ ಇರಬೇಡಿ. ಮುಂದಿನ ಟೆಸ್ಟ್ ಯಾವ ವರ್ಷ ಎಂದು ಕೇಳಿ, ರಿಪೋರ್ಟಿನ ಮೇಲೆಯೇ ಬರೆದಿಡಿ. ಮ್ಯಾಮೊಗ್ರಾಮ್ ಫಿಲ್ಮ್ ಅಥವಾ ಸಿಡಿಯನ್ನು ಎಸೆಯಬೇಡಿ. ಮುಂದಿನ ಸಲ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ಡಾಕ್ಟರಿಗೆ ಸಣ್ಣ ಬದಲಾವಣೆಯೂ ಕಣ್ಣಿಗೆ ಬೀಳುತ್ತದೆ.