ಸಿ ಡ್ರೈವ್ ಫಾರ್ಮ್ಯಾಟ್ ಮಾಡದೆ ವಿಂಡೋಸ್ ಹಾಕಿದ್ದು: ನನ್ನ ಅನುಭವ

"ಫಾರ್ಮ್ಯಾಟ್ ಮಾಡದೆ ಹಳೇದರ ಮೇಲೇ ವಿಂಡೋಸ್ ಹಾಕಿದರೆ ನಾಲ್ಕು ದಿನ ಬಾಳಲ್ಲ" ಎಂದು ನಮ್ಮ ರಸ್ತೆಯ ರಿಪೇರಿ ಅಂಗಡಿಯವರೆಲ್ಲ ನಕ್ಕಿದ್ದರು. ನಾನು ಹಾಗೇ ಹಾಕಿಕೊಟ್ಟ ಸಿಸ್ಟಮ್ ವರ್ಷದ ಮೇಲಾಯಿತು, ದಿನವೂ ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಸ್ಟಮ್ ದಾವಣಗೆರೆಯ ಒಬ್ಬ ಡಿಟಿಪಿಯವರದ್ದು (ಕಂಪ್ಯೂಟರಿನಲ್ಲಿ ಕಾರ್ಡು, ಪತ್ರಿಕೆ ವಿನ್ಯಾಸ ಮಾಡುವವರು). ನಾಲ್ಕನೇ ಜನರೇಶನ್ ಐ3, 240 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 10, ಇಡೀ ಡಿಸ್ಕಿಗೆ ಒಂದೇ ಸಿ ಡ್ರೈವ್. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು ಎಲ್ಲ ಡೆಸ್ಕ್‌ಟಾಪ್ ಮೇಲೇ, ಸುಮಾರು 140 ಜಿಬಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದೆ, ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಆಮೇಲೆ ವಿಂಡೋಸ್ ಶುರುವಾಗದೆ ಆಟೊಮ್ಯಾಟಿಕ್ ರಿಪೇರಿಯಲ್ಲೇ ಗಿರಕಿ. ಮೊದಲು ಹೋದ ಅಂಗಡಿಯಲ್ಲಿ "500 ರೂಪಾಯಿ, ಡೇಟಾ ಗ್ಯಾರಂಟಿ ಇಲ್ಲ" ಎಂದರಂತೆ. ಬೆಂಗಳೂರಿನ ಡೇಟಾ ರಿಕವರಿಯವರು ಒಂಬತ್ತೋ ಹತ್ತೋ ಸಾವಿರ ಕೇಳಿದರಂತೆ. ಡಿಸ್ಕ್ ಚೆನ್ನಾಗೇ ಇದೆ, ಡೇಟಾ ಎಲ್ಲೂ ಹೋಗಿಲ್ಲ. ರಿಕವರಿ ಯಾಕೆ ಬೇಕು?

ಫೈಲ್ ಉಳಿಸಿಕೊಂಡು ರೀಸೆಟ್ ಮಾಡುವ ಆಯ್ಕೆ ಮೊದಲು ನೋಡಿದೆ. ಅರ್ಧ ಗಂಟೆ ಕಾಯಿಸಿ, ಆಗಲಿಲ್ಲ, ಏನೂ ಬದಲಾಗಿಲ್ಲ ಎಂದು ಬಂತು. ವಿಂಡೋಸ್ ಬೂಟ್ ಆಗುವಂತಿದ್ದರೆ ಒಳಗಿಂದಲೇ ಸೆಟಪ್ ಓಡಿಸಿ ಫೈಲು, ಪ್ರೋಗ್ರಾಂ ಎರಡನ್ನೂ ಉಳಿಸಿಕೊಳ್ಳಬಹುದಿತ್ತು. ಇಲ್ಲಿ ಆ ದಾರಿಯೂ ಇಲ್ಲ.

ಉಬುಂಟು (ಇನ್‌ಸ್ಟಾಲ್ ಮಾಡದೆಯೂ ಓಡುವ ಲಿನಕ್ಸ್) ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡೆಸ್ಕ್‌ಟಾಪ್ ಎಲ್ಲ ಇರುವ ಯೂಸರ್ಸ್ ಫೋಲ್ಡರನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆದೆ. ಯುಎಸ್‌ಬಿ 2 ಪೋರ್ಟು, ಸಣ್ಣ ಸಣ್ಣ ಫೈಲು, ರಾತ್ರಿಯೆಲ್ಲ ಹಿಡಿಯಿತು. ಬ್ಯಾಕಪ್ ಆಯ್ತಲ್ಲ, ಇನ್ನು ಫಾರ್ಮ್ಯಾಟ್ ಮಾಡೋಕೇನು ಎಂದು ಕೇಳುತ್ತೀರಿ. ಬ್ಯಾಕಪ್‌ನಲ್ಲಿ ಇರುವುದು ನಮಗೆ ನೆನಪಾದದ್ದು ಮಾತ್ರ. ಗಿರಾಕಿಗೆ ಹದಿನೈದು ದಿನ ಬಿಟ್ಟು ಇನ್ನೊಂದು ನೆನಪಾಗುತ್ತದೆ.

ವಿಂಡೋಸ್ ಪೆನ್‌ಡ್ರೈವ್ ಹಾಕಿ ಸೆಟಪ್ ಶುರು ಮಾಡಿದರೆ, ಡಿಸ್ಕ್ ಎಂಬಿಆರ್ ಇದೆ, ಜಿಪಿಟಿ ಬೇಕು ಎಂಬ ತಕರಾರು. ಇವು ಡಿಸ್ಕಿನ ಭಾಗಗಳ (ಪಾರ್ಟಿಷನ್) ಪಟ್ಟಿ ಇಡುವ ಹಳೇ, ಹೊಸ ಪದ್ಧತಿಗಳು. ಬಹಳ ಜನ ಇಲ್ಲೇ ಪಾರ್ಟಿಷನ್ ಡಿಲೀಟ್ ಒತ್ತುವುದು. ಬೇಡ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತದೆ. ಯುಇಎಫ್‌ಐ (ಜಿಪಿಟಿ ಕೇಳುವ ಹೊಸ ಬಗೆಯ ಬೂಟ್) ಎಂದು ಬರೆದಿರದ ಸಾಲನ್ನು ಆರಿಸಿದೆ, ತಕರಾರು ಹೋಯಿತು. ಕಸ್ಟಮ್ ಕೊಟ್ಟು, ಸಿ ಪಾರ್ಟಿಷನ್ ಮೇಲೆ ಕ್ಲಿಕ್ ಮಾಡಿ, ಸುಮ್ನೆ ನೆಕ್ಸ್ಟ್. ಹಳೆಯದೆಲ್ಲ ವಿಂಡೋಸ್.ಓಲ್ಡ್ ಫೋಲ್ಡರಿಗೆ ಹೋಗುತ್ತದೆ ಎಂದು ಅದೇ ಹೇಳುತ್ತದೆ. ಓಕೆ ಕೊಡಿ. ಒಂದೇ ಪಾರ್ಟಿಷನ್ ಒಳಗೆ ಜಾಗ ಬದಲಾಗುವುದಷ್ಟೆ, ಕಾಪಿ ಆಗಲ್ಲ. ಹಾಗಾಗಿ 140 ಜಿಬಿಗೆ ಇನ್ನೊಂದು 140 ಬೇಕಿಲ್ಲ, ಇಪ್ಪತ್ತು ಇಪ್ಪತ್ತೈದು ಜಿಬಿ ಖಾಲಿ ಇದ್ದರೆ ಸಾಕು.

ಮಾರನೇ ದಿನ ಡಿಟಿಪಿಯವರು ಪೇಜ್‌ಮೇಕರ್ (ಪುಟ ವಿನ್ಯಾಸದ ಪ್ರೋಗ್ರಾಂ) ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ನುಡಿ, ಶ್ರೀಲಿಪಿ, ಯಾರ್ಯಾರೋ ಕೊಟ್ಟ ಹಳೇ ಫಾಂಟುಗಳು ಎಲ್ಲ ಇದ್ದದ್ದು ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿ. ನನ್ನ ಬ್ಯಾಕಪ್‌ನಲ್ಲಿ ಅದಿಲ್ಲ. ಆದರೆ ವಿಂಡೋಸ್.ಓಲ್ಡ್ ಒಳಗೆ ಕೂತಿತ್ತಲ್ಲ! ಕಮಾಂಡ್ ಪ್ರಾಂಪ್ಟಿನಿಂದ ಟಿಟಿಎಫ್ (ಫಾಂಟ್) ಫೈಲುಗಳನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿ, ಎಲ್ಲ ಸೆಲೆಕ್ಟ್ ಮಾಡಿ, ರೈಟ್ ಕ್ಲಿಕ್, ಇನ್‌ಸ್ಟಾಲ್. ಫಾರ್ಮ್ಯಾಟ್ ಮಾಡಿದ್ದರೆ ಇಷ್ಟು ಹೊತ್ತಿಗೆ ಅವರು ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದರು. ಟ್ಯಾಲಿ ಇರುವವರು ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರ್ ನೋಡಿ. ಡೇಟಾ ಸಾಮಾನ್ಯವಾಗಿ ಅಲ್ಲಿ ಅಡಗಿರುತ್ತದೆ, ಯಾರೂ ಹುಡುಕಲ್ಲ.

ಹಳೆಯ ಫೋಲ್ಡರು ಪರ್ಮಿಷನ್ ಇಲ್ಲ ಎಂದು ಬಾಗಿಲು ಹಾಕಿದರೆ ಟೇಕ್‌ಓನ್ (ಫೋಲ್ಡರನ್ನು ನಮ್ಮ ಹೆಸರಿಗೆ ಮಾಡುವ ಕಮಾಂಡ್) ಕೊಡಿ. ಕಾಪಿ ಮಾಡುವ ರೋಬೋಕಾಪಿ ಕಮಾಂಡಿಗೆ ಎಕ್ಸ್‌ಜೆ ಸ್ವಿಚ್ ಸೇರಿಸಿ. ಇಲ್ಲದಿದ್ದರೆ ಆ್ಯಪ್‌ಡೇಟಾ ಒಳಗಿನ ಜಂಕ್ಷನ್‌ಗೆ (ಬೇರೆ ಫೋಲ್ಡರಿಗೆ ಒಯ್ಯುವ ಕೊಂಡಿ) ಸಿಕ್ಕು ಅದೇ ಫೋಲ್ಡರೊಳಗೆ ಅದೇ ಫೋಲ್ಡರ್ ಎಂದು ಕಾಪಿ ಮುಗಿಯುವುದೇ ಇಲ್ಲ. ತಡ ಮಾಡಬೇಡಿ, ವಿಂಡೋಸ್.ಓಲ್ಡನ್ನು ಕೆಲವು ದಿನ ಬಿಟ್ಟು ವಿಂಡೋಸ್ ತಾನೇ ಅಳಿಸುತ್ತದೆ. ಕ್ರೋಮ್‌ನ ಬುಕ್‌ಮಾರ್ಕ್ ಹಳೇ ಪ್ರೊಫೈಲಿಂದ ಬಂದವು, ಸೇವ್ ಆಗಿದ್ದ ಪಾಸ್‌ವರ್ಡ್ ಬರಲಿಲ್ಲ. ಪೇಜ್‌ಮೇಕರನ್ನು ಮರು ಇನ್‌ಸ್ಟಾಲ್ ಮಾಡದೆ ಹಳೇ ಫೋಲ್ಡರಿಂದಲೇ ಎಬ್ಬಿಸಿದ ಉಪಾಯ ಮಾತ್ರ ಹೇಳಲ್ಲ. ಹೊಟ್ಟೆಪಾಡು ನೋಡಿ. ತಗೊಂಡದ್ದು 1,200 ರೂಪಾಯಿ, ಜಾಸ್ತಿ ಏನಲ್ಲ.

ಇದೇ ಹುಮ್ಮಸ್ಸಿನಲ್ಲಿ ಮನೆಯ ಹಳೇ ಕೋರ್ 2 ಡ್ಯೂಯೊ ಕಂಪ್ಯೂಟರಿನಲ್ಲಿದ್ದ ಲಿನಕ್ಸ್ ಮಿಂಟನ್ನೂ ಫೈಲು ಉಳಿಸಿಕೊಂಡು ಮರು ಇನ್‌ಸ್ಟಾಲ್ ಮಾಡಿದೆ. ಹೋಮ್‌ಗೆ (ನಮ್ಮ ಫೈಲು, ಸೆಟಿಂಗ್ ಇರುವ ಜಾಗ) ಬೇರೆ ಪಾರ್ಟಿಷನ್ ಇತ್ತು. ಸಿಸ್ಟಮ್ ಇರುವ ರೂಟ್ ಮಾತ್ರ ಫಾರ್ಮ್ಯಾಟ್, ಹೋಮ್‌ನ ಫಾರ್ಮ್ಯಾಟ್ ಟಿಕ್ ತೆಗೆದೆ. ಹತ್ತಿಪ್ಪತ್ತು ನಿಮಿಷದಲ್ಲಿ ವಾಲ್‌ಪೇಪರ್ ಸಮೇತ ವಾಪಸ್. ಹಳೇ ಸೆಟಿಂಗ್ ಉಳಿದು ಕೆಳಗಿನ ಪ್ಯಾನೆಲ್ ಕೆಟ್ಟಿತ್ತು, ಅಡಗಿದ ಕಾನ್ಫಿಗ್ ಫೋಲ್ಡರಿನ ಹೆಸರು ಬದಲಿಸಿದ ಮೇಲೆ ಸರಿಹೋಯಿತು.

ಹೊಸ ಲ್ಯಾಪ್‌ಟಾಪುಗಳ ಕತೆ ಬೇರೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ ಕೀ ಇಲ್ಲದೆ ಉಬುಂಟುವಿನಿಂದ ಎಳೆಯುವುದೂ ಇಲ್ಲ, ಮೇಲೆ ಹಾಕುವುದೂ ಇಲ್ಲ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ 48 ಅಂಕಿಯ ರಿಕವರಿ ಕೀ ಇದೆಯಾ ನೋಡ್ಕೊಂಡು ಬನ್ನಿ ಎಂದು ಮೆಷಿನ್ನನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತೇನೆ.