ಖಾಲಿ ಹೊಲ, ತುಂಬಿದ ಮುಗಿಲು: ಎರೆಭೂಮಿಯ ಫೋಟೊ ತೆಗೆಯುವುದು ಹೀಗೆ

ಮೇ ಕೊನೆಯ ವಾರ ವಿಜಯಪುರದ ಹೊರಗೆ ಯಾವುದಾದರೂ ಹೊಲದಲ್ಲಿ ನಿಂತು ನೋಡಿ. ಜೋಳದ ರಾಶಿ ಮುಗಿದು ತಿಂಗಳುಗಳಾಗಿವೆ. ಎರೆ ನೆಲ ಬಾಯಿ ಬಿಟ್ಟಿದೆ. ಮೇಲೆ ಮುಂಗಾರಿಗೂ ಮುಂಚಿನ ಅಡ್ಡಮಳೆಯ ಮೋಡ ಗುಡ್ಡದಂತೆ ಎದ್ದಿದೆ. ಮರುಭೂಮಿಗೆ ಹೋದವರಿಗೆ ಸಿಗುವುದೂ ಇಷ್ಟೇ ಅಲ್ವಾ? ಬೋಳು ನೆಲ, ದೊಡ್ಡ ಆಕಾಶ. ಜೈಸಲ್ಮೇರ್‌ಗೆ ಟಿಕೆಟ್ ತೆಗೆಸುವ ಮುಂಚೆ ಇಲ್ಲಿನ ಡೋಣಿ ನದಿ ಸಾಲಿನ ಹೊಲಗಳಲ್ಲಿ ಒಂದು ಸಂಜೆ ಕೈ ಪಳಗಿಸಿಕೊಳ್ಳಿ.

ಮೊದಲ ಸಲ 16 ಎಂಎಂನ ವೈಡ್ (ಅಗಲ ನೋಟದ) ಲೆನ್ಸ್ ಹಿಡಿದು ಹೋದಾಗ ನಾನು ಮೋಡ ಕಂಡ ಕೂಡಲೇ ಕ್ಯಾಮೆರಾ ಎತ್ತಿ ಮೋಡವನ್ನೇ ಹೊಡೆದುಕೊಂಡು ಬಂದೆ. ದೂರದಲ್ಲಿ ಗೋಳಗುಮ್ಮಟವೂ ಇತ್ತು. ಸುಮಾರು 44 ಮೀಟರ್ ಅಗಲದ ಆ ಗುಮ್ಮಟ ಫೋಟೊದಲ್ಲಿ ಬೋರಲು ಹಾಕಿದ ಚಹಾ ಕಪ್ಪಿನಷ್ಟೂ ಕಾಣಲಿಲ್ಲ. ವೈಡ್ ಲೆನ್ಸ್‌ನ ಗುಣವೇ ಅದು. ದೂರದ್ದನ್ನು ಕುಗ್ಗಿಸುತ್ತದೆ, ಹತ್ತಿರದ್ದನ್ನು ಹಿಗ್ಗಿಸುತ್ತದೆ. ಹಾಗಾಗಿ ಆಕಾಶದ ಫೋಟೊಗೆ ಮೊದಲು ಹುಡುಕಬೇಕಾದದ್ದು ಕಾಲ ಬುಡದಲ್ಲಿ.

ನೆಲ ಹುಡುಕಿ

ಉದ್ದಕ್ಕೆ ಓಡುವ ಬಿರುಕು, ರಂಟೆ ಹೊಡೆದ ಸಾಲು, ಜೋಳದ ಕೂಳೆ, ಒಡ್ಡಿನ ಮೇಲಿನ ಒಂಟಿ ಜಾಲಿ. ಇವುಗಳಲ್ಲಿ ಒಂದು ಸಾಕು. ಕುಕ್ಕರಗಾಲಿನಲ್ಲಿ ಕೂತು ಕ್ಯಾಮೆರಾವನ್ನು ಮೊಣಕಾಲಿನ ಎತ್ತರಕ್ಕೆ ತನ್ನಿ. ಬಿರುಕು ಒಂದು ಮಾರಿನೊಳಗೆ ಇರಲಿ. ಅದು ಮೋಡದ ಕಡೆಗೆ ಓಡುವಂತೆ ನೀವೇ ಅತ್ತಿತ್ತ ಸರಿಯಿರಿ. ಮೋಡ ಜೋರಾಗಿದ್ದರೆ ಆಕಾಶಕ್ಕೆ ಮೂರರಲ್ಲಿ ಎರಡು ಪಾಲು ಕೊಡಿ. ಮೋಡ ಸಪ್ಪೆಯಾಗಿದ್ದರೆ ನೆಲಕ್ಕೆ ಕೊಡಿ. ಅಲಮಟ್ಟಿ ಹಿನ್ನೀರಿನಲ್ಲಿ ಮೋಡದ ಪ್ರತಿಬಿಂಬ ಬಿದ್ದಿದ್ದರೆ ಮಾತ್ರ ನಾನು ದಿಗಂತವನ್ನು ನಟ್ಟನಡುವೆ ಇಡುತ್ತೇನೆ. ಕ್ಲಿಕ್ ಮಾಡುವ ಮುಂಚೆ ನಾಲ್ಕೂ ಮೂಲೆ ನೋಡಿ. ಕರೆಂಟ್ ತಂತಿ, ನಿಮ್ಮದೇ ನೆರಳು, ಕೆಲವೊಮ್ಮೆ ನಿಮ್ಮ ಚಪ್ಪಲಿಯೂ ಒಳಗೆ ಬಂದಿರುತ್ತದೆ.

"ಯಾಕ್ರಿ ಸರ್, ಖಾಲಿ ಹೊಲದಾಗ ಏನ್ ಫೋಟೊ ತಗೀತೀರಿ?" ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ಕೇಳಿದರು. ಉತ್ತರ ಹೊಳೆಯಲಿಲ್ಲ. ಅವರನ್ನೇ ಒಡ್ಡಿನ ಮೇಲೆ ಎರಡು ನಿಮಿಷ ನಿಲ್ಲಿ ಎಂದೆ. ಬೆರಳುದ್ದದ ಆ ಆಕೃತಿ ಬಂದ ಮೇಲೆಯೇ ಮೋಡ ಎಷ್ಟು ದೊಡ್ಡದೆಂದು ಫೋಟೊದಲ್ಲಿ ಗೊತ್ತಾಯಿತು.

ಮೀಟರ್ ಮಾತು ನಂಬಬೇಡಿ

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಎಲ್ಲವೂ ನಡುವಿನ ಬೂದು ಬಣ್ಣವಾಗಬೇಕು. ಥಾರ್ ಮರುಭೂಮಿಯ ಬಿಳಿಚು ಮರಳನ್ನು ಅದು ಮಂಕು ಮಾಡುತ್ತದೆ. ಅದಕ್ಕೇ ಅಲ್ಲಿ ಎಕ್ಸ್‌ಪೋಷರ್ (ಫೋಟೊಗೆ ಬಿಡುವ ಬೆಳಕು) ಕೂಡಿಸು ಎಂದು ಹೇಳಿಕೊಡುತ್ತಾರೆ. ನಮ್ಮ ಎರೆಗೆ ಈ ಪಾಠ ಪೂರ್ತಿ ಉಲ್ಟಾ. ಕಪ್ಪು ನೆಲವನ್ನು ಮೀಟರ್ ಬೂದಿಯಂತೆ ತೆಳುವಾಗಿಸುತ್ತದೆ. ಆ ಭರದಲ್ಲಿ ಮೋಡ ಬೆಳ್ಳಗೆ ಸುಟ್ಟುಹೋಗುತ್ತದೆ. ಇಲ್ಲಿ ಒಂದು ಸ್ಟಾಪ್‌ನಷ್ಟು, ಅಂದರೆ ಅರ್ಧ ಬೆಳಕು, ಕಳೆದು ಶುರುಮಾಡಿ. ಮೊಬೈಲ್ ಆದರೆ ಮೋಡದ ಬೆಳಕಿನ ಜಾಗ ಮುಟ್ಟಿ, ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ರಾ ಫೈಲ್‌ನಲ್ಲಿ (ಕ್ಯಾಮೆರಾದ ಕಚ್ಚಾ ಫೈಲ್) ತೆಗೆದರೆ ಕತ್ತಲಾದ ನೆಲವನ್ನು ಆಮೇಲೆ ಎತ್ತಬಹುದು. ಸುಟ್ಟ ಮೋಡವನ್ನು ತರಲಾಗದು.

ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾ, 16 ಎಂಎಂ ಲೆನ್ಸ್, ಬೆಳಕು ಒಳಬಿಡುವ ಕಿಂಡಿ ಎಫ್/11: ಸುಮಾರು 80 ಸೆಂಟಿಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 40 ಸೆಂಟಿಮೀಟರ್‌ನಿಂದ ದಿಗಂತದವರೆಗೂ ಚೊಕ್ಕ ಬರುತ್ತದೆ. ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ) 100 ಇರಲಿ, ಟ್ರೈಪಾಡ್ ಇರಲಿ. ಆಕಾಶದ ನೀಲಿ ಗಾಢ ಮಾಡುವ ಪೋಲರೈಸರ್ ಫಿಲ್ಟರ್ ಮಾತ್ರ ಚೀಲದಲ್ಲೇ ಇರಲಿ. ಸೂರ್ಯನಿಂದ 90 ಡಿಗ್ರಿ ಪಕ್ಕದ ಆಕಾಶಕ್ಕೇ ಅದರ ಪರಿಣಾಮ ಜಾಸ್ತಿ. ಅಷ್ಟಗಲದ ಚೌಕಟ್ಟಿನಲ್ಲಿ ನೀಲಿ ನಡುವೆ ಕಪ್ಪು ಪಟ್ಟೆ ಬೀಳುತ್ತದೆ.

ಆ ದಿನಗಳಲ್ಲಿ ಸೂರ್ಯ ಮುಳುಗುವುದು ಏಳರ ಆಸುಪಾಸಿಗೆ. ಮುಳುಗಿದ ಕೂಡಲೇ ಬ್ಯಾಗ್ ಕಟ್ಟಬೇಡಿ. ಎತ್ತರದ ಮೋಡಕ್ಕೆ ಬಣ್ಣ ಏರುವುದು ನಂತರದ ಹತ್ತು ಹದಿನೈದು ನಿಮಿಷದಲ್ಲಿ. ಒಮ್ಮೆ ಬೆನ್ನ ಹಿಂದಿನ ಪೂರ್ವವನ್ನೂ ನೋಡಿ. ಆದರೆ ಗುಡುಗು ಕೇಳಿದರೆ ಯಾವ ಫೋಟೊವೂ ಬೇಡ. ಖಾಲಿ ಹೊಲದಲ್ಲಿ ಎಲ್ಲರಿಗಿಂತ ಎತ್ತರ ನೀವೇ, ಇಲ್ಲವೇ ನಿಮ್ಮ ಟ್ರೈಪಾಡ್. ಮರದ ಕೆಳಗೆ ನಿಲ್ಲದೆ ಸೀದಾ ಕಾರಿನೊಳಗೆ ಕೂತು ಗಾಜು ಏರಿಸಿ.

ಮನೆಗೆ ಬಂದ ಮೇಲೆ

ಎಡಿಟ್ ಮಾಡುವ ಆ್ಯಪ್ ಲೈಟ್‌ರೂಮ್ ಆಗಲಿ, ಸ್ನ್ಯಾಪ್‌ಸೀಡ್ ಆಗಲಿ, ಮೊದಲು ದಿಗಂತ ನೆಟ್ಟಗೆ ಮಾಡಿ. ಬಯಲುಸೀಮೆಯಲ್ಲಿ ಒಂದು ಡಿಗ್ರಿ ವಾಲಿದರೂ ಎದ್ದು ಕಾಣುತ್ತದೆ. ನಂತರ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹದ. ಆಮೇಲೆ ಹೈಲೈಟ್ಸ್ (ಬೆಳಕಿನ ಭಾಗ) ಇಳಿಸಿ, ಶ್ಯಾಡೋಸ್ (ಕತ್ತಲ ಭಾಗ) ಸ್ವಲ್ಪ ಏರಿಸಿ. ಎರೆ ಕಪ್ಪಾಗಿಯೇ ಉಳಿಯಬೇಕು, ಬಿರುಕಿನ ಅಂಚು ಕಂಡರೆ ಸಾಕು. ಆಕಾಶಕ್ಕೆ ಮಾತ್ರ ಗ್ರೇಡಿಯಂಟ್ (ಮೆಲ್ಲಗೆ ತೆಳುವಾಗುವ ಛಾಯೆ) ಎಳೆದು ಅರ್ಧ ಸ್ಟಾಪ್ ಇಳಿಸಿ. ಲೈಟ್‌ರೂಮ್‌ನಲ್ಲಿ ಮಬ್ಬು ತಿಳಿಗೊಳಿಸುವ ಡೀಹೇಝ್ 10ರಿಂದ 15ರ ಒಳಗೆ ನಿಲ್ಲಿಸಿ. ಅದು ಮೀರಿದರೆ ಮರದ ಸುತ್ತ ಬಿಳಿ ಗೆರೆ ಏಳುತ್ತದೆ. ಒಂದೇ ಬೆರಳಲ್ಲಿ ಹೊಸ ಆಕಾಶ ಅಂಟಿಸುವ ಸೌಲಭ್ಯವೂ ಈಗ ಇದೆ. ನನಗದು ಸುತಾರಾಂ ಹಿಡಿಸದು. ಬೆಳಕು ಎಡದಿಂದ ಬರುವ ಹೊಲಕ್ಕೆ ಬಲದಿಂದ ಬೆಳಗುವ ಮೋಡ ಕೂರಿಸಿದವರನ್ನು ನೋಡಿದ್ದೇನೆ.

ರಾತ್ರಿ ಎಡಿಟ್ ಮಾಡಿದ್ದನ್ನು ಆಗಲೇ ಸ್ಟೇಟಸ್‌ಗೆ ಹಾಕಬೇಡಿ. ಬೆಳಿಗ್ಗೆ ಮೂಲ ಫೋಟೊ ಪಕ್ಕದಲ್ಲಿಟ್ಟು ನೋಡಿ. ಎರೆ ನೇರಳೆಗೆ ತಿರುಗಿದ್ದರೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆಗೆ ತಂದು ಮತ್ತೆ ಕೂತುಕೊಳ್ಳಿ.